ಎಡಕ್ಕೆ ಎರಡು, ಬಲಕ್ಕೆ ಒಂದು

ರೋಣದಿಂದ ಗಜೇಂದ್ರಗಡಕ್ಕೆ ಹೋಗುವ ಬಸ್ಸಿನಲ್ಲಿ ನನಗೆ ಯಾವಾಗಲೂ ಕಣ್ಣು ಕೂಡುತ್ತವೆ. ಕಿಟಕಿಯಾಚೆ ಗುಡ್ಡದ ಮೇಲೆ ಗಾಳಿಯಂತ್ರಗಳು ಒಂದರ ಹಿಂದೊಂದು ಸಾವಕಾಶ ತಿರುಗುತ್ತಿರುತ್ತವೆ. ಅವುಗಳ ರೆಕ್ಕೆ ನೋಡುತ್ತ ನೋಡುತ್ತ ನಿದ್ದೆ ಯಾವಾಗ ಬಂತು, ಊರು ಯಾವಾಗ ಬಂತು ತಿಳಿಯುವುದೇ ಇಲ್ಲ. ಆವತ್ತೂ ಹಾಗೇ ಅರೆನಿದ್ದೆಯಲ್ಲಿ ಇಳಿದು, ನೇಕಾರರ ಓಣಿ ಹೊಕ್ಕು, ಗಿಡ್ಡ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಕಾಲಿಟ್ಟೆ. ಹೊರಗೆ ಮಧ್ಯಾಹ್ನದ ಬಿಸಿಲು ರಣಗುಡುತ್ತಿತ್ತು, ಒಳಗೆ ಮಾತ್ರ ಕೆರೆಯ ತಳಕ್ಕೆ ಇಳಿದಂತೆ ತಂಪು. ಒಂದೇ ಒಂದು ಸಣ್ಣ ಕಿಟಕಿ, ಅದರ ಬೆಳಕಿನಲ್ಲಿ ನೂಲಿನ ಧೂಳು ತೇಲುತ್ತಿತ್ತು. ನಡುವೆ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯ ದಂಡೆಗೆ ಕೂತು, ಕಾಲು ಒಳಗೆ ಇಳಿಬಿಟ್ಟು ನೇಯುವ ಮಗ್ಗ ಅದು. ಅರ್ಧಕ್ಕೆ ನಿಂತ ಪಟ್ಟೇದಂಚಿನ ಸೀರೆಯ ಮೇಲೆ ಯಾರೋ ಹಳೇ ಧೋತರ ಹೊದಿಸಿದ್ದರು, ಮಲಗಿದ ಕೂಸಿಗೆ ಹೊದಿಸಿದ ಹಾಗೆ.

ಆ ಕೂಸಿನ ತಾಯಿ ಪಕ್ಕದ ಹೊರಸಿನ ಮೇಲೆ ಕಾಲು ಚಾಚಿ ಕೂತಿದ್ದಳು. ಐವತ್ತು ದಾಟಿದ ನೇಕಾರ್ತಿ. ದೀಪಾವಳಿ ಮುಗಿದ ಮೇಲೆ ನರೇಗಲ್ ಸಂತೆಗೆ ಹೋದಾಗ ಬಸ್ಸಿಳಿಯುತ್ತ ಜಾರಿ, ಎಡಗಾಲಿನ ಎಲುಬು ಮೊಣಕಾಲ ಕೆಳಗೆ ಮುರಿದಿತ್ತು. ರೋಣದ ಎಲುಬಿನ ಡಾಕ್ಟರು ಪ್ಲಾಸ್ಟರ್ ಹಾಕಿ, ಕೂಡಿಸಿ, ಬಿಚ್ಚಿ, "ಎಲುಬು ಕೂಡೇತಿ, ಇನ್ನ ಶಕ್ತಿ ಬರಬೇಕಷ್ಟ" ಎಂದು ನನ್ನ ಕಡೆ ಸಾಗಹಾಕಿದ್ದರು. ನನ್ನದು ಫಿಜಿಯೊಥೆರಪಿ ಕೆಲಸ. ಈ ಕಡೆಯ ಜನ ನನ್ನನ್ನು 'ಕಾಲ ಎಳಿಯೋ ಡಾಕ್ಟರಬಾಯಿ' ಅನ್ನುತ್ತಾರೆ. ಅದಕ್ಕೆ ನನಗೇನೂ ಬೇಸರವಿಲ್ಲ, ಅರ್ಧ ಖರೇನೇ ಇದೆ.

ಮೊದಲು ಅಳತೆ. ಮೊಣಕಾಲ ಚಿಪ್ಪಿನಿಂದ ಒಂದು ಗೇಣು ಮೇಲೆ ತೊಡೆಗೆ ಟೇಪು ಸುತ್ತಿ ನೋಡಿದೆ. ಎಡತೊಡೆ ಬಲತೊಡೆಗಿಂತ ಎರಡು ಬೆರಳು ಸಣ್ಣಗಾಗಿತ್ತು. ತೂಕ ನೋಡುವ ಯಂತ್ರ ಎರಡು ಒಯ್ದಿದ್ದೆ. ಅಕ್ಕಪಕ್ಕ ಇಟ್ಟು, ಒಂದೊಂದರ ಮೇಲೆ ಒಂದೊಂದು ಕಾಲಿಟ್ಟು ನಿಲ್ಲಲು ಹೇಳಿದೆ. ಮೈಭಾರವನ್ನೆಲ್ಲ ಬಲಗಾಲೇ ಹೊತ್ತಿತ್ತು. ಎಡಗಾಲು ಬೀಗರ ಮನೆಗೆ ಬಂದ ಹಾಗೆ ನೆಲಕ್ಕೆ ಸುಮ್ಮನೆ ತಾಗಿತ್ತಷ್ಟೆ.

"ಕುಂಬಾರಗ ವರುಷ, ದೊಣ್ಣಿಗೆ ನಿಮಿಷ ನೋಡವಾ," ಎಂದಳು ಆಕೆ, ಕಾಲು ನೋಡಿಕೊಳ್ಳುತ್ತ. "ಎಷ್ಟು ವರ್ಷ ತುಳದ ಕಾಲು. ಈಗ ಹ್ಯಾಂಗ ಆಗೇತಿ ನೋಡು, ಹತ್ತಿಕಟಗಿ ಆಗೇತಿ."

"ತುಂಬತೈತ್ರಿ ಅಕ್ಕಾರ. ನಾ ಹೇಳಿದಷ್ಟು ಮಾಡ್ರಿ ಸಾಕು."

ಆಗ ಬಾಗಿಲ ಬಳಿ ಕಂಡಿಕೆಗೆ ನೂಲು ಸುತ್ತುತ್ತಿದ್ದ ಆಕೆಯ ಯಜಮಾನರು ತಲೆ ಎತ್ತಿದರು. ಒಳ್ಳೆಯ ಮನುಷ್ಯ, ದನಿ ಎತ್ತಿ ಮಾತಾಡಿದ್ದನ್ನು ನಾನು ಕೇಳಿಲ್ಲ. "ಬಾಯಾರ, ನಡದ್ರ ಸಾಕ್ರಿ. ಮಗ್ಗದ್ದೇನೂ ಅವಸರಿಲ್ಲ. ಕಾರಹುಣ್ಣಿವಿಗೆ ಈ ತಗ್ಗು ಮುಚ್ಚಿಸಿಬಿಡತೇನಿ. ಮುರುಮಿನ ಮಣ್ಣಿಗೆ ಹೇಳಿಟ್ಟೇನಿ."

ತಗ್ಗು ಎಂದದ್ದು ಮಗ್ಗದ ಕುಣಿಗೆ. ಮಳೆ ಹಿಡಿದರೆ ಕುಣಿಯಲ್ಲಿ ತೇವ ಏರುತ್ತದೆ, ಆದ್ದರಿಂದ ಮುಚ್ಚುವುದಿದ್ದರೆ ಮಳೆಗೆ ಮೊದಲೇ ಮುಚ್ಚಬೇಕು. ನೇಕಾರ್ತಿ ಗಂಡನಿಗೆ ಎದುರಾಡಲಿಲ್ಲ. ಅವರು ಎದ್ದು ಹೋದ ಮೇಲೆ ನನ್ನ ಮುಂಗೈ ಹಿಡಿದು, "ಯವ್ವಾ, ನಾ ಕುಂಟಿದ್ರ ಕುಂಟ್ಲಿ. ಆದ್ರ ಅದನ್ನ ಮುಚ್ಚಿದ್ರ ನನ್ನ ಅದರಾಗ ಹಾಕಿ ಮುಚ್ಚಿದಂಗ," ಎಂದಳು. ಆ ಹೊತ್ತಿನಿಂದ ನನಗೂ ಕಾರಹುಣ್ಣಿವೆಯೇ ಗಡುವಾಯಿತು.

ಎರಡು ಬದಿಯ ಶಕ್ತಿ ಹೆಚ್ಚುಕಡಿಮೆ ಆದಾಗ ನಮ್ಮಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ದುರ್ಬಲ ಬದಿಯಿಂದಲೇ ಶುರು ಮಾಡಬೇಕು, ಅದಕ್ಕೆ ಹೆಚ್ಚು ಕೆಲಸ ಕೊಡಬೇಕು. ಗಟ್ಟಿ ಬದಿ ಸ್ವಲ್ಪ ದಿನ ಸುಮ್ಮನೆ ಕೂತರೂ ಅದರ ಗಂಟೇನೂ ಹೋಗುವುದಿಲ್ಲ. ಮಡಚಿದ ಟವೆಲ್ಲನ್ನು ಮೊಣಕಾಲ ಕೆಳಗಿಟ್ಟು ಒತ್ತುವುದು, ಪಾದಕ್ಕೆ ಉಸುಕಿನ ಚೀಲ ಕಟ್ಟಿ ಕಾಲು ಎತ್ತಿ ತಡೆಯುವುದು, ಹೊರಸಿನಿಂದ ಎಡಗಾಲ ಮೇಲೆ ಭಾರ ಹಾಕಿ ಏಳುವುದು, ಎಲ್ಲವೂ ಎಡಗಾಲಿಗಷ್ಟೇ ಎಂದು ಹೇಳಿದೆ. ಮೆಟ್ಟಿಲು ಹತ್ತಿ ಇಳಿಯುವುದಕ್ಕೆ ಹೊಸ್ತಿಲು ತೋರಿಸಿದೆ. "ಅಯ್ಯ ನಮ್ಮವ್ವಾ, ಹೊಸ್ತಿಲಾ ತುಳಿಸ್ತಿಯಲ್ಲ, ಲಕ್ಷ್ಮಿ ಎದ್ದ ಹೋಗತಾಳ!" ಎಂದು ಬೈಸಿಕೊಂಡು, ಹೊರಗಿನ ಕಟ್ಟೆಗೆ ಅದನ್ನು ವರ್ಗಾಯಿಸಿದೆ. ಉಸುಕಿನ ಚೀಲವನ್ನು ಆಕೆಯೇ ಹೊಲಿದಳು, ಅದೂ ಅಂಚು ಇಟ್ಟು.

ಜೋಳ ಕೊಯ್ದು ರಾಶಿ ಮುಗಿಯುವ ತನಕ ವಾರವಾರ ಹೋದೆ. ಆಕೆಯ ನಿಷ್ಠೆ ನೋಡಿ ನನಗೆ ಖುಷಿಯೋ ಖುಷಿ. ಎಡತೊಡೆ ತುಂಬುತ್ತಿತ್ತು. ಆದರೆ ಟೇಪು ಸುತ್ತಿದರೆ ಅಂತರ ಅಷ್ಟೇ ಇರುತ್ತಿತ್ತು, ಏಕೆಂದರೆ ಬಲತೊಡೆಯೂ ತುಂಬುತ್ತಿತ್ತು! ತೂಕದ ಯಂತ್ರವೂ ಅದೇ ಹಾಡು ಹಾಡಿತು. ಯಂತ್ರ ಕೆಟ್ಟಿದೆಯೇನೋ ಎಂದು ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಇಟ್ಟು ನೋಡಿದೆ. ಎಲುಬಿನ ಡಾಕ್ಟರಿಗೆ ಹೇಳಿ ಮತ್ತೊಂದು ಎಕ್ಸ್‌ರೇ ತೆಗೆಸಿದೆ. ಎಲುಬು ಕಲ್ಲಿನ ಹಾಗಿತ್ತು.

"ಎಡಗಾಲಿಗೆ ಬರೋಬ್ಬರಿ ಮಾಡಾಕತ್ತೀರಿಲ್ರಿ?"

"ನಿನ್ನಾಣಿ ಮಾಡೇನವಾ. ಒಂದೂ ಬಿಟ್ಟಿಲ್ಲ."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದ್ದು. ಆದರೆ ಆ ಮುಖ ನೋಡಿ ಬೈಯಲು ಬಾಯಿ ಬರಲಿಲ್ಲ. ನರಗುಂದದ ತವರಿಗೆ ಹೋದಾಗಲೂ ತಲೆ ತುಂಬ ಅದೇ. ಅಟ್ಟದ ಮೇಲೆ ಮಲಗಿದರೆ ಕನಸಿನಲ್ಲಿ ಎರಡು ಕಾಲುಗಳು ಮೈಯಿಲ್ಲದೆ ಒಂದರ ಪಕ್ಕ ಒಂದು ನಡೆದುಹೋಗುತ್ತಿದ್ದವು. ಕಪ್ಪು ಹೊಲದ ನಡುವಿನ ದಾರಿ, ಮಂಜು, ದೂರದಲ್ಲಿ ಗುಡ್ಡ. ಎಡದ್ದು ಎಷ್ಟು ಬಿರಬಿರನೆ ನಡೆದರೂ ಬಲದ್ದು ಅಷ್ಟೇ ಮುಂದೆ ಇರುತ್ತಿತ್ತು. ಬೆಳಿಗ್ಗೆ ಅವ್ವ ಚಹಾ ಕೊಡುತ್ತ, "ಏನ ಬೇ, ನಿದ್ದ್ಯಾಗ ಸೈಕಲ್ ಹೊಡಿತಿದ್ದಿ? ಕಾಲ ಸುಮ್ಮ ಇರಲಿಲ್ಲ ನಿನ್ನವು," ಎಂದು ನಕ್ಕಳು.

ಗುಟ್ಟು ತಿಳಿದದ್ದು ಒಂದು ದಿನ ನಾನು ಮೊದಲ ಬಸ್ಸಿಗೇ ಹೋದದ್ದರಿಂದ. ಬಾಗಿಲು ತೆರೆದೇ ಇತ್ತು. ಆಕೆ ಹೊರಸಿನ ಮೇಲೆ ಮಲಗಿ, ಕಣ್ಣು ಮುಚ್ಚಿ, ಏನೋ ಪದ ಗುಣುಗುತ್ತ ವ್ಯಾಯಾಮ ಮಾಡುತ್ತಿದ್ದಳು. ಎಡಗಾಲು ಎತ್ತಿದಳು, ತಡೆದಳು, ಇಳಿಸಿದಳು. ಎದ್ದು ಕೂತು ಉಸುಕಿನ ಚೀಲ ಬಿಚ್ಚಿದಳು. ಬಲಗಾಲಿಗೆ ಕಟ್ಟಿಕೊಂಡಳು. ಮಲಗಿದಳು, ಎತ್ತಿದಳು, ಇಳಿಸಿದಳು. ಮತ್ತೆ ಎದ್ದಳು, ಬಿಚ್ಚಿದಳು, ಎಡಕ್ಕೆ ಕಟ್ಟಿದಳು. ಒಂದೊಂದು ಸಲ ಎತ್ತುವುದಕ್ಕೂ ಒಂದೊಂದು ಗಂಟು! ಅಷ್ಟು ತಾಳ್ಮೆ ನನಗೆ ಏಳು ಜನ್ಮಕ್ಕೂ ಬರಲಾರದು. ನಾನು ಬಾಗಿಲಲ್ಲಿ ನಿಂತು ಮೈಮರೆತು ನೋಡಿದೆ, ಆಮೇಲೆ ಸಿಟ್ಟು ನೆತ್ತಿಗೇರಿತು.

"ಅಕ್ಕಾರ! ಬಲಗಾಲಿಗೆ ಮಾಡ್ರಿ ಅಂತ ನಿಮಗ ಯಾರ ಹೇಳಿದ್ರು?"

ಆಕೆ ಬೆಚ್ಚಿ ಎದ್ದು ಕೂತಳು. "ಮತ್ತ ಎಡಗಾಲಿಗೆ ಮಾಡಿದ ಮ್ಯಾಲೆ ಬಲಗಾಲಿಗೆ ಮಾಡಬೇಕಲ್ಲ?"

"ಬ್ಯಾಡಂತ ಎಷ್ಟ ಸಲ ಹೇಳಿಲ್ಲ ನಾನು? ಎಡಕ್ಕಷ್ಟ! ಎಡಕ್ಕಷ್ಟ!"

"ಹೇಳೀದಿ ಖರೆ. ಆದ್ರ ಬರವಲ್ದವಾ. ಒಂದ ಕಾಲು ಎರಡ ಸಲ ಹ್ಯಾಂಗ ತುಳಿಯೋದು? ಬಟ್ಟಿ ಕೆಡತೈತಿ."

ಹೊರಸಿನ ಮೇಲೆ ಎಲ್ಲಿಯ ಬಟ್ಟೆ? ಆಕೆ ವಿವರಿಸಿದಳು. ಮಗ್ಗದ ಕುಣಿಯಲ್ಲಿ ಕಾಲಿಗೊಂದರಂತೆ ಎರಡು ತುಳಿಯುವ ಕೋಲು. ಎಡದ ಕೋಲು ತುಳಿದರೆ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ಬಾಯಿ ಬಿಡುತ್ತವೆ, ಅಡ್ಡ ಎಳೆ ಹೊತ್ತ ಲಾಳಿ ಹಾಯುತ್ತದೆ. ಮುಂದೆ ಬಲವನ್ನೇ ತುಳಿಯಬೇಕು, ಎಡವನ್ನೇ ಮತ್ತೆ ತುಳಿದರೆ ಎರಡು ಎಳೆ ಒಂದೇ ಬಾಯಿಗೆ ಬಿದ್ದು ಬಟ್ಟೆಯ ಮೇಲೆ ಗೆರೆ ಏಳುತ್ತದೆ. ಹುಡುಗಿಯಾಗಿದ್ದಾಗ ಹಾಗೆ ತಪ್ಪಿದರೆ ಆಕೆಯ ತಂದೆ ಕಂಡಿಕೆಯಿಂದ ಕಾಲಿಗೆ ಬಾರಿಸುತ್ತಿದ್ದರಂತೆ. ಆಕೆಗೆ ಲೆಕ್ಕ ತಪ್ಪಿದ್ದಲ್ಲ, ಕಳ್ಳಾಟವೂ ಅಲ್ಲ. ಎಡ ಆದಮೇಲೆ ಬಲವನ್ನು ಬಿಟ್ಟರೆ ಆಕೆಯ ಜೀವ ತಡೆಯುತ್ತಿರಲಿಲ್ಲ. ನಾನು ವಾರವಾರ ಎಡಗಾಲಿನ ಬಗ್ಗೆಯೇ ಕೇಳಿದ್ದೆ, ಆಕೆ ಖರೇನೇ ಹೇಳಿದ್ದಳು.

"ನಡೀರಿ, ನನ್ನ ಎದುರಿಗೆ ಎಡಗಾಲಿಗೆ ಸಾಲಾಗಿ ಮಾಡ್ರಿ," ಎಂದೆ. ಮಾಡಿದಳು. ಎರಡನೆಯ ಸಲ ಎತ್ತುವಾಗಲೇ ಹಣೆಯಲ್ಲಿ ಬೆವರು. ಮೂರನೆಯದಕ್ಕೆ ಬಲಗಾಲು ತಾನಾಗಿಯೇ ಹೊರಸಿನಿಂದ ಎದ್ದಿತು, ಆಕೆ ಅದನ್ನು ಕೈಯಿಂದ ಒತ್ತಿ ಹಿಡಿದಳು. ನಾನು ಸಿಟ್ಟಿನಲ್ಲಿದ್ದೆ, ಆದರೂ ನಗು ಬಂತು. ಆಕೆಗೆ ಅಳು ಬಂತು.

ಹಿಂತಿರುಗುವ ಬಸ್ಸು ಬಂದದ್ದು ತಡವಾಗಿ. ಸಂಜೆಯ ಬೆಳಕು ಕುಸುಬೆ ಕಿತ್ತ ಹೊಲಗಳ ಮೇಲೆ ಅರಿಸಿನದ ಹಾಗೆ ಹರಡಿತ್ತು. ಕಣ್ಣು ಕೂಡಿದವು. ಗಾಲಿಯ ಸಪ್ಪಳ ಮಗ್ಗದ ಸಪ್ಪಳವಾಯಿತು, ನನ್ನ ಕಾಲಡಿ ಎರಡು ಕೋಲು, ತುಳಿಯುತ್ತಲೇ ಇದ್ದೇನೆ, ಮುಂದೆ ಬಟ್ಟೆಯೋ ರಸ್ತೆಯೋ ತಿಳಿಯದ ಒಂದು ಉದ್ದನೆಯದು ಸುತ್ತಿಕೊಳ್ಳುತ್ತಿದೆ. ಎಚ್ಚರವಾದಾಗ ನನಗೆ ಒಂದು ಸಂಗತಿ ನಿಚ್ಚಳವಾಗಿತ್ತು. ಹೊರಸಿನ ಮೇಲೆ ಆಕೆಯ ಕಾಲು ನನ್ನ ಮಾತು ಕೇಳುವುದಿಲ್ಲ. ಅದು ಕೇಳುವುದು ಮಗ್ಗದ ಮಾತನ್ನು ಮಾತ್ರ. ವ್ಯಾಯಾಮ ಬಿಡಿಸಿ ಆಕೆಯನ್ನು ಕುಣಿಗೇ ಇಳಿಸಬೇಕು.

ಎಲುಬಿನ ಡಾಕ್ಟರಿಗೆ ಫೋನು ಮಾಡಿದರೆ ಹೌಹಾರಿದರು. "ಕುಣಿಗೆ ಇಳಿಯುವಾಗ ಜಾರಿದ್ರ? ಅದೇ ಎಲುಬು ಮತ್ತ ಮುರದ್ರ ಕೂಡೋದು ಭಾಳ ಕಷ್ಟ. ನಿಮ್ಮ ಜವಾಬ್ದಾರಿ ನೋಡ್ರಿ ಬಾಯಾರ." ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಹೊರಸಿನ ಮೇಲೆಯೇ ಕೂತಿದ್ದರೆ ಕಾರಹುಣ್ಣಿವೆಗೆ ಏನಾಗುವುದೆಂದು ನನಗೆ ಗೊತ್ತಿತ್ತು. ಇಳಿಸುವುದೆಂದೇ ಗಟ್ಟಿ ಮಾಡಿದೆ.

ಪಂಕ್ಚರ್ ಅಂಗಡಿಯಲ್ಲಿ ಹಳೇ ಸೈಕಲ್ ಟ್ಯೂಬು ತೆಗೆದುಕೊಂಡು ಸೀಳಿ ಪಟ್ಟಿ ಮಾಡಿದೆ. ಕುಣಿಯೊಳಗಿನ ಎಡಗೋಲಿಗೆ ಅದರ ಒಂದು ತುದಿ, ಮಗ್ಗದ ಅಡ್ಡಮರಕ್ಕೆ ಇನ್ನೊಂದು ತುದಿ. ಎಡಗಾಲು ತುಳಿದಾಗಲೆಲ್ಲ ರಬ್ಬರು ಮೇಲಕ್ಕೆ ಜಗ್ಗುತ್ತದೆ. ಎರಡೂ ಕೋಲು ಮೇಲೆ ಒಂದೇ ರಾಟೆಗೆ ತೂಗಿರುವುದರಿಂದ, ಎಡಗೋಲನ್ನು ರಬ್ಬರು ಮೇಲೆ ಜಗ್ಗಿದಷ್ಟೂ ಬಲಗೋಲು ತಾನಾಗಿ ಕೆಳಗೆ ಹೋಗುತ್ತದೆ. ಎಡಕ್ಕೆ ದುಡಿತ, ಬಲಕ್ಕೆ ಆರಾಮ. ಲೆಕ್ಕ ಮಾತ್ರ ಎಡ-ಬಲ, ಎಡ-ಬಲ, ಆಕೆಯ ಜೀವಕ್ಕೆ ಒಪ್ಪುವಂಥದ್ದು.

ಯಜಮಾನರು ಕುಣಿಯ ದಂಡೆಗೆ ಬಂದು ನಿಂತರು. "ಬಾಯಾರ, ಆವತ್ತ ಬಸ್ಸಿಂದ ಆಕಿ ಬಿದ್ದಾಗ ನಾ ಹಿಂದ ಇದ್ದೆ. ಎಲುಬು ಮುರದ ಸಪ್ಪಳ ಕೇಳೇನಿ ನಾ. ಇನ್ನೊಮ್ಮಿ ಕೇಳಾಕ ನನ್ನ ಕಡೆ ಆಗೂದಿಲ್ರಿ."

ಆಗ ನನಗೆ ತಿಳಿಯಿತು, ಆ ಮನುಷ್ಯ ಮುಚ್ಚಬೇಕೆಂದಿದ್ದು ಮಗ್ಗದ ಮೇಲಿನ ಸಿಟ್ಟಿಗಲ್ಲ, ಹೆದರಿಕೆಗೆ. "ನೀವಽ ಕೈ ಹಿಡದ ಇಳಸ್ರಿ," ಎಂದೆ. ಒಂದು ಕಡೆ ಅವರು, ಒಂದು ಕಡೆ ನಾನು. ಆಕೆ ದಂಡೆಗೆ ಕೂತು ಕಾಲು ಇಳಿಬಿಟ್ಟಳು. ಧೋತರ ಸರಿಸಿ, ಹಾಸಿನ ಎಳೆಗಳ ಮೇಲೆ ಅಂಗೈ ಆಡಿಸಿ, ಕಣ್ಣು ಮುಚ್ಚಿ ಎಡಗೋಲು ತುಳಿದಳು.

ಮೊದಲ ದಿನಗಳು ಮಾತ್ರ ಘೋರ. ಟ್ಯೂಬು ಬಿಗಿಯಾಗಿ ಎಡಗಾಲು ಥರಥರ ನಡುಗುತ್ತಿತ್ತು. ಎಳೆಗಳು ಪೂರ್ತಿ ಬಾಯಿ ಬಿಡುವ ಮೊದಲೇ ಕಾಲು ಸೋತು ಕೋಲು ಮೇಲೆ ಬರುತ್ತಿತ್ತು, ಲಾಳಿ ನಡುವೆ ಸಿಕ್ಕಿ ಹತ್ತಾರು ಎಳೆ ಕಡಿಯುತ್ತಿದ್ದವು. ಆಕೆ ಅವನ್ನು ಒಂದೊಂದಾಗಿ ಹೊಸೆದು ಕೂಡಿಸುತ್ತಿದ್ದಳು, ನಾನು ಪಕ್ಕದಲ್ಲಿ ಕೂತು ಹಣೆ ಬಡಿದುಕೊಳ್ಳುತ್ತಿದ್ದೆ. ಸೀರೆ ಕೆಡುತ್ತದೆ ಎಂದು ಅದನ್ನು ಬಿಚ್ಚಿಟ್ಟು, ಕೈ ಟವೆಲ್ಲಿನ ಸಣ್ಣ ಅಗಲದ ಹಾಸು ಏರಿಸಿದೆವು. ಟ್ಯೂಬು ಸಡಿಲಿಸಿದೆ. ಕಾಲು ಹಿಡಿದುಕೊಂಡಿತು. ಆದರೆ ಬೇಸಿಗೆ ಅರ್ಧ ಕಳೆದಾಗ ಟೇಪಿನಲ್ಲಿ ಒಂದೇ ಬೆರಳಿನಷ್ಟು ಅಂತರ ಇಳಿದಿತ್ತು. ಹೀಗೇ ಸಾಗಿದರೆ ಗಡುವು ತಪ್ಪುತ್ತದೆ.

"ಅಕ್ಕಾರ, ಎಡಕ್ಕ ಎರಡು, ಬಲಕ್ಕ ಒಂದು ತುಳೀರಿ. ಬ್ಯಾರೆ ದಾರಿ ಇಲ್ಲ."

"ತಪ್ಪ ನೇಯಿ ಅಂತೀಯೇನವಾ ನನಗ?"

"ಹೂಂ. ತಪ್ಪ ನೇಯ್ರಿ."

ಆಕೆ ನನ್ನನ್ನು ನುಂಗುವ ಹಾಗೆ ನೋಡಿದಳು. ಎದ್ದು ಹೋಗೆಂದು ಕೈ ಮಾಡಿದಳು. ನಾನೂ ಬಿಡಲಿಲ್ಲ, ದಂಡೆಗೆ ಅಂಟಿಕೊಂಡು ಕೂತೆ. ಇಬ್ಬರೂ ಮುಖ ತಿರುವಿ ಕೂತೆವು. ಕಿಟಕಿಯ ಬೆಳಕು ಗೋಡೆಯಿಂದ ನೆಲಕ್ಕೆ, ನೆಲದಿಂದ ಮಗ್ಗಕ್ಕೆ ಜರುಗಿತು. ನನಗೆ ತೂಕಡಿಕೆ ಹತ್ತಿತ್ತು. ಆ ಮಂಪರಿನಲ್ಲೇ ಒಂದು ಸಪ್ಪಳ ಕೇಳಿದೆ. ಖಟ್, ಖಟ್, ಸ್ವಲ್ಪ ತಡೆದು ಖಟ್. ಮತ್ತೆ ಅದೇ. ಕಣ್ಣು ಬಿಟ್ಟರೆ ಆಕೆ ನೇಯುತ್ತಿದ್ದಳು. ಎಡ, ಎಡ, ಬಲ. ಎರಡನೆಯ ಎಳೆ ಬಂದ ದಾರಿಯಲ್ಲೇ ವಾಪಸು ಹೋಗದಂತೆ, ಅಂಚಿನ ಕೊನೆಯ ಎಳೆಗೆ ಅದನ್ನು ಕೈಯಿಂದ ಸುತ್ತುತ್ತಿದ್ದಳು. ಬಟ್ಟೆಯ ಮೇಲೆ ಜೋಡೆಳೆಯ ಉಬ್ಬುಗೆರೆ, ನಡುವೆ ಒಂಟಿ ಎಳೆ, ಮತ್ತೆ ಉಬ್ಬುಗೆರೆ. ಕುಂಟೆ ಹೊಡೆದ ಎರೆಹೊಲದ ಹಾಗೆ ಸಾಲು ಸಾಲು.

"ಒಂದ ಸಲ ಮಾಡಿದ್ರ ತಪ್ಪು," ಎಂದಳು, ನನ್ನ ಕಡೆ ನೋಡದೆ. "ಸಾಲಾಗಿ ಮಾಡಿದ್ರ ನಮೂನಿ."

ನನಗೆ ಆಕೆಯನ್ನು ತಬ್ಬಿಕೊಳ್ಳಬೇಕೆನಿಸಿತು. ತಬ್ಬಿಕೊಂಡೆ ಕೂಡ, ಲಾಳಿ ಮೊಣಕೈಗೆ ಬಡಿಯಿತು. "ಸರಿ ಹಿಂದಕ್ಕ, ಎಳಿ ಕಡದೀತು," ಎಂದು ಬೈದಳು.

ಆ ಬೇಸಿಗೆಯ ಮಧ್ಯಾಹ್ನಗಳು ನನ್ನ ನೆನಪಿನಲ್ಲಿ ಒಂದರೊಳಗೊಂದು ಕರಗಿಹೋಗಿವೆ. ಓಣಿ ಮಲಗಿರುತ್ತಿತ್ತು. ತಂಪು ಕೋಣೆ, ತೇಲುವ ಧೂಳು, ಎಡ, ಎಡ, ಬಲ. ಕಾಲು ಗಟ್ಟಿಯಾದ ಹಾಗೆ ಟ್ಯೂಬನ್ನು ಒಂದೊಂದು ಗಂಟು ಬಿಗಿಸುತ್ತ ಹೋದೆ. ದುಡಿದ ಮರುದಿನ ಬಿಡುವು ಕೊಡಿಸುತ್ತಿದ್ದೆ, ಆವತ್ತು ಶೇಂಗಾ ಹಿಂಡಿ ಹಾಕಿಕೊಂಡು ರೊಟ್ಟಿ ಹೊಟ್ಟೆ ತುಂಬ ಉಣ್ಣಿರೆಂದು ಹೇಳುತ್ತಿದ್ದೆ. ಎಡ ತುಳಿಯಿತೋ ಬಲ ತುಳಿಯಿತೋ ಎಂದು ನಾನು ಕಣ್ಣು ಮುಚ್ಚಿ ಸಪ್ಪಳದಲ್ಲೇ ಹೇಳಬಲ್ಲವಳಾದೆ. ಯಜಮಾನರು ಬಾಗಿಲ ಬಳಿ ಕಂಡಿಕೆ ಸುತ್ತುತ್ತಿದ್ದರು. ಉಬ್ಬುಗೆರೆಯ ಟವೆಲ್ಲುಗಳು ಗೂಡಿನಲ್ಲಿ ಮಡಿಕೆಯಾಗಿ ಏರಿದವು.

ಮೊದಲ ಮೋಡ ಕಟ್ಟುವ ಹೊತ್ತಿಗೆ ಮತ್ತೆ ಸೀರೆಯ ಹಾಸು ಏರಿಸಿದೆವು. ಟ್ಯೂಬು ಬಿಚ್ಚಿದೆ. ಈಗ ಸಾದಾ ನೇಯ್ಗೆ, ಎಡ-ಬಲ, ಎಡ-ಬಲ. ಆಕೆ ಶುರು ಮಾಡಿದಳು. ನಾಲ್ಕು ಬೆರಳು ನೇಯುವುದರೊಳಗೆ ನಿಂತು, ಬಾಗಿ ನೋಡಿ, "ಸುಡ್ಲಿ ನಿನ್ನ ವಿದ್ಯೆ!" ಎಂದು ಕೂಗಿದಳು. ಎಡಗಾಲು ಎರಡು ಸಲ ತುಳಿದುಬಿಟ್ಟಿತ್ತು. ಸೀರೆಯಲ್ಲಿ ಜೋಡೆಳೆಯ ಗೆರೆ! ಬಿಚ್ಚಿದಳು, ನೇಯ್ದಳು, ಮತ್ತೆ ಅದೇ ತಪ್ಪು. ಇಡೀ ಜನ್ಮ ತಪ್ಪದ ಕಾಲಿಗೆ ನಾನು ಹೊಸ ಚಟ ಹಚ್ಚಿಬಿಟ್ಟಿದ್ದೆ. ಅದನ್ನು ಬಿಡಿಸಲು ನಾನೇನೂ ಮಾಡಲಿಲ್ಲ, ಮಾಡುವುದೂ ಗೊತ್ತಿರಲಿಲ್ಲ. ಆಕೆ ಬಾಯಲ್ಲಿ ಎಡ, ಬಲ ಅನ್ನುತ್ತ, ಕೂಸಿಗೆ ನಡೆ ಕಲಿಸಿದ ಹಾಗೆ ತನ್ನ ಕಾಲಿಗೆ ತಾನೇ ಕಲಿಸಿಕೊಂಡಳು.

ಕಾರಹುಣ್ಣಿವೆಗೆ ಎರಡು ದಿನ ಮೊದಲು ಕೊನೆಯ ಅಳತೆ ತೆಗೆದೆ. ಎಡತೊಡೆ ಈಗಲೂ ಬಲಕ್ಕಿಂತ ಕೂದಲೆಳೆ ಸಣ್ಣದು. ತೂಕದ ಯಂತ್ರದ ಮುಳ್ಳುಗಳೂ ಪೂರ್ತಿ ಕೂಡಲಿಲ್ಲ. ನಾನು ಪೆಚ್ಚಾದೆ.

"ಯಾರ ಕಾಲೂ ಪೂರಾ ಕೂಡೂದಿಲ್ಲ ಬಿಡವಾ," ಎಂದಳು. "ಬಟ್ಟಿ ಸಮ ಬಂದ್ರ ಸಾಕು."

ಬಟ್ಟೆ ನೋಡಿದೆ. ಕಿಟಕಿಯ ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದೆ. ಎಡ ಅಂಚು, ಬಲ ಅಂಚು ಒಂದೇ ಹದ, ಎಲ್ಲಿಯೂ ಗೆರೆಯಿಲ್ಲ. ಯಜಮಾನರು ಮಾತ್ರ ಮುರುಮಿನ ಮಾತನ್ನು ವಾಪಸು ತೆಗೆದುಕೊಂಡಿರಲಿಲ್ಲ. ಕೇಳಲು ಆಕೆಗೂ ಧೈರ್ಯವಿಲ್ಲ, ನನಗೂ ಇಲ್ಲ.

ಹುಣ್ಣಿವೆಯ ಹಿಂದಿನ ದಿನ ನಾನು ಓಣಿಗೆ ಬಂದಾಗ ಟ್ರ್ಯಾಕ್ಟರು ನಿಂತಿತ್ತು. ಟ್ರೇಲರಿನ ತುಂಬ ಕೆಂಪು ಮುರುಮು. ಒಳಗೆ ಮಗ್ಗ ನಡೆದಿತ್ತು. ಖಟ್-ಖಟ್, ಖಟ್-ಖಟ್, ಎಲ್ಲಿಯೂ ಎಡವದೆ. ಆಕೆಗೆ ಹೊರಗಿನ ಗದ್ದಲ ಕೇಳಿಸಿರಲಿಲ್ಲವೋ, ಕೇಳಿಸಿಯೂ ನೇಯುತ್ತಿದ್ದಳೋ ನನಗೆ ತಿಳಿಯದು. ಯಜಮಾನರು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದರು. ಕಣ್ಣು ಮುಚ್ಚಿದ್ದವು. ಆ ಸಪ್ಪಳವನ್ನು ಅವರು ಬಾಯಾರಿದವರು ನೀರು ಕುಡಿದ ಹಾಗೆ ಕೇಳುತ್ತಿದ್ದರು.

ಡ್ರೈವರು ಎಂಜಿನ್ ಬಂದ್ ಮಾಡಿ ಇಳಿದ. "ಕಾಕಾ, ಲಗೂ ಹೇಳ್ರಿ, ಮಳಿ ಬರೂಹಂಗೈತಿ. ತಗ್ಗ ಎಲ್ಲೈತಿ? ಎಲ್ಲಿ ಸುರುವ್ಲಿ?"

ಯಜಮಾನರು ಕಣ್ಣು ಬಿಟ್ಟು ಅವನನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಓಣ್ಯಾಗ ಸುರುವಪಾ, ಕೆಸರಾಗೂದು ತಪ್ಪತೈತಿ," ಎಂದರು. "ನಮ್ಮನ್ಯಾಗ ತಗ್ಗಿಲ್ಲ. ಮಗ್ಗ ಐತಿ."